ಗುಂಡಾಭಟ್ಟರನ್ನು ತಡೆದ ದೀಪಗಳು

“ನೋಡೇ ಪಂಕಜಾ! ಉರಿಯೋದೂ ಇವೇ, ನೋಡೋದೂ ಇವೇ!” ಎಂದು ಚಿದಂಬರಯ್ಯ ಎದೆಯುಬ್ಬಿಸಿದರು.

ತುಮಕೂರಿನ ಅವರ ಟಿಫಿನ್ ರೂಮಿನ ಬಾಗಿಲ ಪಕ್ಕ, ತಲೆಯೆತ್ತರಕ್ಕೆ, ಪುಟ್ಟ ಎಲ್‌ಇಡಿ ದೀಪಗಳ ಹಲಗೆ. ದೋಸೆ, ಉಪ್ಪಿಟ್ಟು ಎಂದು ಹೆಸರು ತೋರಿಸುವವೂ ಆ ದೀಪಗಳೇ. ಹೆಸರಿನ ಮೇಲೆ ಬೆರಳಿಟ್ಟರೆ ಬೆಳಕು ಬೆರಳಿಗೆ ಬಡಿದು ವಾಪಸಾಗುತ್ತದೆ. ಅದನ್ನು ಕಂಡು ಅಡುಗೆಮನೆಯಲ್ಲಿ ಆಯಾ ತಿಂಡಿಯ ಗಂಟೆ ಬಾರಿಸುವವೂ ಅವೇ. ಒಂದು ಟಿಣ್ ಅಂದರೆ ಒಂದು ಪ್ಲೇಟು.

ಪಂಕಜಮ್ಮ ಹಲಗೆಯನ್ನು ಅನುಮಾನದಿಂದ ನೋಡಿದರು. ಕಳೆದ ತಿಂಗಳು ಗಂಡ ಮಾಡಿದ ಚಟ್ನಿ ಬಡಿಸುವ ಯಂತ್ರ ಅಡುಗೆಯ ಗುಂಡಾಭಟ್ಟರ ಮುಖಕ್ಕೇ ಬಡಿಸಿತ್ತು! “ಇನ್ನೊಂದು ಮಿಷನ್ನು ಕೈಕೊಟ್ರೆ ಎದುರು ಹೋಟ್ಲಿಗೆ ಹೋಗ್ತೀನಮ್ಮ” ಎಂದಿದ್ದರು ಭಟ್ಟರು. ಅವರಿಲ್ಲದೆ ಈ ಹೋಟೆಲೆಲ್ಲಿ ನಡೆದೀತು? ಬಂದ ಆರ್ಡರಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ‘ಇಲ್ಲ’ ಎಂದವರಲ್ಲ ಆ ಪುಣ್ಯಾತ್ಮ.

ಹೊಸ ವಸ್ತುವಿಗೆ ಮಂಗಳಾರತಿ ಆಗಲೇಬೇಕಲ್ಲ! ಪಂಕಜಮ್ಮ ಕರ್ಪೂರ ಹಚ್ಚಿ ಎತ್ತಿದ್ದೇ ತಡ, ದೋಸೆಯ ದೀಪಗಳು ಆ ಉರಿಯನ್ನೂ ಬೆರಳೆಂದುಕೊಂಡವು. ಟಿಣ್ ಟಿಣ್ ಟಿಣ್… ನಿಲ್ಲಲೇ ಇಲ್ಲ!

“ನಲವತ್ತು ದೋಸೆ ಯಾರಿಗಮ್ಮಾ?” ಒಳಗಿಂದ ಭಟ್ಟರ ಕೂಗು. ಕೂಗುತ್ತಲೇ ಹುಯ್ಯತೊಡಗಿದ್ದರು.

“ಯಾರಿಗೂ ಬೇಡ ಭಟ್ರೇ! ರೀ, ನಿಲ್ಲಿಸ್ರೀ ಅದನ್ನ!”

“ಅಡ್ಡ ಏನಾದ್ರೂ ಹಿಡಿದ್ರಾಯ್ತು, ಅದಕ್ಯಾಕೆ ಬಾಯಿ ಬಡ್ಕೋತೀಯ?” ಎಂದು ಚಿದಂಬರಯ್ಯ ಕೈಗೆ ಸಿಕ್ಕ ಸ್ಟೀಲ್ ತಟ್ಟೆಯನ್ನು ಹಲಗೆಯ ದೋಸೆ ಹೆಸರಿಗೆ ಅಡ್ಡ ಹಿಡಿದರು. ಬೆಳಗಿಟ್ಟ ತಟ್ಟೆ! ದೀಪಗಳ ಬೆಳಕೆಲ್ಲ ದೀಪಗಳಿಗೇ ವಾಪಸು. ಹಲಗೆ ತನಗೆ ತಾನೇ ಆರ್ಡರು ಕೊಟ್ಟುಕೊಳ್ಳತೊಡಗಿತು! ಮೇಜು ತುಂಬಿ, ಬೆಂಚು ತುಂಬಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮೇಲೂ ದೋಸೆ.

ಹಿಟ್ಟು ಮುಗಿಯಿತು. ಭಟ್ಟರು ಹೆಗಲಿಗೆ ಟವೆಲ್ ಏರಿಸಿ ಹೊರಬಂದರು. ಚಿದಂಬರಯ್ಯನ ಕೈಯಿಂದ ತಟ್ಟೆ ಜಾರಿತು.

“ನನ್ ಬಾಯಲ್ಲಿ ‘ದೋಸೆ ಇಲ್ಲ’ ಅನ್ನಿಸಿಬಿಟ್ರಲ್ಲಮ್ಮ! ಬರ್ತೀನಿ.”

ಪಂಕಜಮ್ಮನಿಗೆ ಅಳುವೇ ಬಂತು. ಭಟ್ಟರು ಬಾಗಿಲಿಗೆ ಹೋದರು. ಕೊಬ್ಬರಿ ಎಣ್ಣೆ ಹಚ್ಚಿದ ಅವರ ಬೋಳುತಲೆ ಹಲಗೆಯ ಉಪ್ಪಿಟ್ಟಿನ ಹೆಸರಿನ ಮುಂದೆ ಮಿರಮಿರ ಹಾಯಿತು.

ಟಿಣ್!

ಭಟ್ಟರು ನಿಂತರು. “ಯಾರೋ ಉಪ್ಪಿಟ್ಟು ಕೇಳ್ತಿದಾರೆ” ಎಂದು ಗೊಣಗಿ ಒಳಗೆ ಹೋದರು. ಮಾಡಿಟ್ಟು ಮತ್ತೆ ಹೊರಟರು. ಟಿಣ್! ಮತ್ತೆ ಒಳಗೆ.

ಹದಿನಾಲ್ಕನೇ ಉಪ್ಪಿಟ್ಟಿನ ಹೊತ್ತಿಗೆ ಚಿದಂಬರಯ್ಯ ಸ್ಕ್ರೂಡ್ರೈವರ್ ಹಿಡಿದು ಬಂದರು. “ಈಗ್ಲೇ ರಿಪೇರಿ ಮಾಡ್ತೀನಿ!”

“ಮುಟ್ಟಿದ್ರೆ ನೋಡಿ ಮತ್ತೆ!” ಪಂಕಜಮ್ಮ ಕಣ್ಣೊರೆಸಿಕೊಂಡರು. “ನಿಮ್ ಮಿಷನ್ನುಗಳಲ್ಲಿ ನೆಟ್ಟಗೆ ಕೆಲಸ ಮಾಡ್ತಿರೋದು ಇದೊಂದೇ. ಹೋಗಿ, ಭಟ್ರಿಗೊಂದು ಸೀಸೆ ಕೊಬ್ಬರಿ ಎಣ್ಣೆ ತನ್ನಿ.”