ಒಳಗಿನಿಂದ ತೆರೆಯದ ಬಿಳಿ ಕಾರಿನವರಿಗೆ

ಹೊಸೂರಿನ ಆಲಸನತ್ತಂನ ತಗಡಿನ ಶೆಡ್ಡಿನಡಿ ನಾಲ್ಕು ಚಕ್ರಗಳ ಮೇಲೆ ವಿರಾಜಮಾನರಾಗಿರುವ, ಹೊಗೆಯುಗುಳದ, ಗದ್ದಲವರಿಯದ, ಒಬ್ಬರ ಕೈದಾಟಿ ಬಂದರೂ ಬಣ್ಣ ಮಾಸದ ಬಿಳಿ ಎಲೆಕ್ಟ್ರಿಕ್ ಕಾರಿನವರ ಸನ್ನಿಧಿಗೆ ಜವಳಗಿರಿಯ ರಾಮಕೃಷ್ಣಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾವಿಲ್ಲಿ ಕ್ಷೇಮ. ತಮ್ಮ ಬ್ಯಾಟರಿಯ ಕ್ಷೇಮ ಸಮಾಚಾರ ಗಳಿಗೆಗೊಂದು ತೆರನಾಗಿ ಬರುತ್ತಿರುವುದರಿಂದ ಅದನ್ನು ಕೇಳುವ ಧೈರ್ಯ ಮಾಡಲಾರೆ.

ಕಾರಿನ ಮೇಲಿನ ದೂರನ್ನು ಕಾರು ಮಾರುವವರಿಗೆ ಬರೆಯಬೇಕೇ ಹೊರತು ಕಾರಿಗಲ್ಲ ಎಂಬಷ್ಟು ಲೋಕಜ್ಞಾನ ನನಗೂ ಇದೆ. ಆದರೆ ತಮ್ಮನ್ನು ಮಾರುತ್ತಿರುವ, ಹಳೆ ಕಾರುಗಳ ವ್ಯಾಪಾರದ ಮುನಿಶಾಮಪ್ಪನವರು ನನ್ನ ಬೀಗರು; ನನ್ನ ಒಬ್ಬಳೇ ಮಗಳು ಭಾನು ಅವರ ಮನೆಯ ಸೊಸೆ. ಹೆಣ್ಣು ಕೊಟ್ಟವರು ಬೀಗರಿಗೆ ದೂರು ಬರೆಯುವ ಪದ್ಧತಿ ನಮ್ಮ ಕಡೆ ಇಲ್ಲ. ನಾನು ಇಲ್ಲಿ ಒಂದು ಮಾತು ಆಡಿದರೆ ಅಲ್ಲಿ ಅವಳ ಅಡಿಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತವೆ. ತಾವಾದರೋ ನಮಗೆ ಯಾವ ಸಂಬಂಧವೂ ಆಗಬೇಕಾದವರಲ್ಲ. ಆ ಧೈರ್ಯದ ಮೇಲೆ ತಮಗೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ನಾರಾಯಣಮ್ಮನಿಗೆ ಯುಗಾದಿ ಕಳೆದ ಮೇಲೆ ಲಕ್ವ ಹೊಡೆದು ಎಡಗಾಲು ಮಾತು ಕೇಳುತ್ತಿಲ್ಲ. ಹೊಸೂರಿನ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ. ತಪ್ಪದೆ ಬಂದರೆ ನಡೆಯುತ್ತಾರೆ, ತಪ್ಪಿಸಿದರೆ ಕಾಲು ಹೀಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದಾರೆ. ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟ. ಹೋದದ್ದಕ್ಕಿಂತ ತಪ್ಪಿಸಿದ್ದೇ ಹೆಚ್ಚಾದಾಗ, ಟ್ರ್ಯಾಕ್ಟರ್ ಓಡಿಸಿದ ಈ ಕೈಗೆ ಕಾರೇನು ಮಹಾ ಎಂದು ಒಂದನ್ನು ಕೊಳ್ಳಲು ಹೊರಟವನನ್ನು ಬೀಗರೇ ತಡೆದು, “ಹೊರಗ್ ಯಾಕ್ ಹುಡುಕ್ತೀರಾ ಬೀಗ್ರೆ, ನಮ್ ಶೆಡ್ಡಲ್ಲೇ ಮುತ್ತಿನಂಥ ಗಾಡಿ ಐತೆ. ಸಣ್ಣಪುಟ್ಟ ರಿಪೇರಿ ಮಾಡಿಸ್ಬುಟ್ಟೇ ಕೊಡ್ತೀನಿ” ಎಂದು ಕೈಗೆ ತಾಂಬೂಲ ಕೊಟ್ಟರು. ತಾಂಬೂಲ ಹಿಡಿದ ಕೈಯಲ್ಲಿ ಆ ಮಾತಿಗೆ ರಸೀದಿ ಕೇಳುವುದು ಹೇಗೆ?

ಅಂದಿನಿಂದ ಓಡಿಸಿ ನೋಡಿದಾಗಲೆಲ್ಲ ತಮ್ಮ ಗುಣಗಳನ್ನು ಒಂದೊಂದಾಗಿ ಅರಿಯುವ ಭಾಗ್ಯ ನನ್ನದಾಗಿದೆ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೊಡನೆ ತಾವು ತಾವಾಗಿಯೇ ಹಾರನ್ ಮಾಡುವಿರಿ. ತಳಿ ಊರು ದಾಟಿದ ಮೇಲೆ ನಮ್ಮೂರಿನ ದಾರಿ ಕಾಡಿನೊಳಗೆ ಎಡಕ್ಕೆ ತಿರುಗುತ್ತಲೇ ಹೋಗುತ್ತದೆ; ಅಲ್ಲಿ ನಮಗಿಂತ ಮೊದಲಿಂದ ವಾಸವಿರುವ ಆನೆಗಳು ಸುಮ್ಮನೆ ಹೋಗುವವರನ್ನು ಸುಮ್ಮನೆ ಬಿಡುತ್ತವೆ, ಕೂಗಿ ಕರೆದವರ ಹತ್ತಿರ ಬಂದು ವಿಚಾರಿಸುತ್ತವೆ. ಚಾರ್ಜಿನ ವಿಷಯದಲ್ಲೂ ತಮ್ಮದು ಉದಾರ ಮನಸ್ಸು: ಜವಳಗಿರಿಗೆ ಹೋಗಿ ಬರುವಷ್ಟಿದೆ ಎಂದು ಹೊರಡುವಾಗ ತೋರಿಸಿ, ಪಕ್ಕದ ಮತ್ತಿಗಿರಿ ದಾಟುವಷ್ಟರಲ್ಲಿ ಆಲೋಚನೆ ಬದಲಿಸುವಿರಿ. ಮುಂದಿನ ಸೀಟು ಹಿಂದಕ್ಕೆ ಸರಿಯದು, ಆದ್ದರಿಂದ ಮಡಚದ ಕಾಲಿನವಳು ಹಿಂದೆಯೇ ಕೂರಬೇಕು. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಅದು ಮಕ್ಕಳು ಬೀಳದಿರಲೆಂದು ಹಾಕುವ ಲಾಕಂತೆ, ಅದನ್ನು ಬಿಡಿಸುವ ಕಡ್ಡಿ ಒಳಗೇ ಮುರಿದಿದೆಯಂತೆ. ನನ್ನ ಹೆಂಡತಿಗೆ ಅರವತ್ತಮೂರು.

ಇವನ್ನೆಲ್ಲ ನಾನು ಬೀಗರಿಗೆ ಹೇಳಲಿಲ್ಲವೆಂದಲ್ಲ. ಹೇಳಲೆಂದೇ ಹೋಗುತ್ತೇನೆ, ಅಷ್ಟರಲ್ಲಿ ಎಲೆ ಹಾಕುತ್ತಾರೆ. ಸೀಟಿನ ಸಂಗತಿ ಎತ್ತಿದ ದಿನ ಒಬ್ಬಟ್ಟು, ಹಾರನ್ನಿನ ದಿನ ನಾಟಿಕೋಳಿ ಸಾರು ಮುದ್ದೆ. ಬಾಗಿಲು ಎಂದು ಬಾಯಿ ತೆರೆದರೆ ಬೀಗಿತ್ತಿ ಆ ಬಾಯಿಗೆ ಸರಿಯಾಗಿ ತುಪ್ಪ ಬಡಿಸುತ್ತಾರೆ. “ಅದೇನ್ ದೊಡ್ ರಿಪೇರಿ ಬೀಗ್ರೆ, ಒಂದ್ ಸ್ಕ್ರೂ ತಿರುವಿದ್ರೆ ಆಗೋಯ್ತದೆ, ಮೊದ್ಲು ಉಣ್ಣಿ” ಎಂಬ ಮಾತಿನೊಂದಿಗೆ ಊಟ ಮುಗಿದು, ಕೈಯಲ್ಲಿ ಮತ್ತೆ ತಾಂಬೂಲ ಹಿಡಿದು ನಾನು ತಳಿ ಬಸ್ಸು ಹತ್ತುತ್ತೇನೆ. ಈ ವ್ಯವಹಾರದಲ್ಲಿ ಇಲ್ಲಿಯವರೆಗೆ ರಿಪೇರಿಯಾಗಿರುವುದು ನನ್ನ ಸೊಂಟದ ಸುತ್ತಳತೆ ಒಂದೇ.

ಹೋದ ಭಾನುವಾರ ನಾರಾಯಣಮ್ಮ ತಾನೇ ಬಂದಳು. ತಮ್ಮನ್ನು ಶೆಡ್ಡಿನಿಂದ ಪಕ್ಕದ ಬೀಗರ ಮನೆಯಂಗಳಕ್ಕೆ ತಂದು, ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ಬಾಗಿಲು ಹಾಕಿದೆವು, ಅಷ್ಟರಲ್ಲಿ ಬೀಗರು ಮಟನ್ ಸಾರಿನ ಉಪ್ಪು ನೋಡಲು ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಅವಳು ಬಾಗಿಲು ತಳ್ಳಿದ್ದಾಳೆ, ತೆರೆಯಲಿಲ್ಲ. ಬಲಬಾಗಿಲಿಗೆ ಸರಿಯಲು ಕಾಲು ಬಿಡಲಿಲ್ಲ. ಗಾಜು ಇಳಿಸಲು ನೋಡಿದ್ದಾಳೆ, ಇಳಿಯಲಿಲ್ಲ. ಬಿಸಿಲಿನಲ್ಲಿ ಗಾಜು ಬಡಿಯುತ್ತಿದ್ದ ತಾಯಿಯನ್ನು ಕಂಡು ಹೊರಗಿನಿಂದ ಬಾಗಿಲು ತೆಗೆದವಳು ಭಾನು. ಒಳಗೆ ಬಂದ ನಾರಾಯಣಮ್ಮ ಯಾರನ್ನೂ ಬೈಯಲಿಲ್ಲ. ಎಲೆಯ ಮುಂದೆ ಕೂರದೆ, “ಹೊಟ್ಟೆ ತುಂಬೈತೆ ಬೀಗ್ರೆ” ಎಂದಳು, ಅಷ್ಟೆ. ಬೀಗರ ಮನೆಯಲ್ಲಿ ಆ ಮಾತಿನ ತೂಕ ಎಷ್ಟೆಂದು ಕಾರುಗಳಿಗೆ ತಿಳಿಯಲಿಕ್ಕಿಲ್ಲ. ಬೀಗಿತ್ತಿಯ ಸೌಟು ಗಾಳಿಯಲ್ಲೇ ನಿಂತಿತು.

ಆಗ ನನ್ನ ಮಗಳು ತಾಯಿಯ ಖಾಲಿ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಮಾವ, ಸಾರು ಆರೋದ್ರೆ ಬಿಸಿ ಮಾಡ್ಬೋದು. ನಮ್ಮಮ್ಮನ ಕಾಲು ಸೆಟ್ಕೊಂಡೋದ್ರೆ ಏನ್ ಮಾಡಕ್ಕಾಯ್ತದೆ? ಬಾಗ್ಲು ಮಾಡ್ಸಿ, ಆಮೇಲೆ ನಾನೇ ಎಲೆ ಹಾಕ್ತೀನಿ.” ಯಾರ ಸಂಸಾರಕ್ಕೆ ತೊಂದರೆಯಾದೀತೆಂದು ನಾನು ತುತ್ತಿನ ಮೇಲೆ ತುತ್ತು ನುಂಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅವಳೇ ಬಾಯಿ ಬಿಟ್ಟಳು. ಪಾತ್ರೆ ಸದ್ದಾಗಲಿಲ್ಲ. ಮುನಿಶಾಮಪ್ಪನವರು ಎಂಜಲು ಕೈಯಲ್ಲೇ ಫೋನು ಹಿಡಿದು, “ಲೇ ಸುಬ್ರಮಣಿ, ಉಣ್ತಿದ್ರೆ ಅಂಗೇ ಬುಟ್ಟು ಬಾ ಲಾ” ಎಂದು ಮೆಕ್ಯಾನಿಕ್ಕನ್ನು ಕರೆದರು.

ಆದಕಾರಣ ಮಾನ್ಯರಲ್ಲಿ ಅರಿಕೆ. ಬಾಗಿಲಿನ ಬಿಡಿಭಾಗ ಚೆನ್ನೈಯಿಂದ ಬರಬೇಕು ಎಂದು ಸುಬ್ರಮಣಿ ಹೇಳಿದ್ದಾನೆ. ತಾವು ಮನಸ್ಸು ಮಾಡಿ ಅದನ್ನು ತಮ್ಮೊಳಗೇ ಬೆಳೆಸಿಕೊಳ್ಳಲು ಸಾಧ್ಯವೇ ನೋಡಿರಿ. ಹಾರನ್ ಮಾಡದೆ ಇರಲಾಗದಿದ್ದಲ್ಲಿ ಆನೆಗಳಿಗೆ ಮುಂಚಿತವಾಗಿ ನೋಟೀಸು ಕಳುಹಿಸಿರಿ. ಚಾರ್ಜಿನ ಬಗ್ಗೆ ಸುಳ್ಳು ಹೇಳಲೇಬೇಕಿದ್ದರೆ ಕಡಿಮೆ ಮಾಡಿ ಹೇಳಿರಿ, ಮನೆ ತಲುಪಿದ ಮೇಲೆ ನಾವು ಕ್ಷಮಿಸುತ್ತೇವೆ. ಇವೆಲ್ಲ ನಿಧಾನವಾದರೂ ಚಿಂತೆಯಿಲ್ಲ. ಬಾಗಿಲು ಮಾತ್ರ ಮೊದಲು.

ಇಂತಿ, ಇನ್ನೂ ತಮ್ಮ ಒಡೆಯನಾಗದ ಆದರೂ ತಮ್ಮ ವಿಶ್ವಾಸಿ,
ರಾಮಕೃಷ್ಣಪ್ಪ, ಜವಳಗಿರಿ

ಮರೆತ ಮಾತು: ಈ ಪತ್ರವನ್ನು ತಮ್ಮ ಮುಂಗಾಜಿಗೆ, ಬರೆದ ಮಗ್ಗುಲು ಹೊರಗೆ ಕಾಣುವಂತೆ ಅಂಟಿಸಿದ್ದೇನೆ. ತಮಗೆ ಓದು ಬಾರದೆಂದು ಬಲ್ಲೆ. ಶೆಡ್ಡಿಗೆ ಕಾರು ಕೊಳ್ಳಲು ಬರುವವರಿಗೆ ಬರುತ್ತದೆ. ಬೀಗರಿಗೆ ಮಾತ್ರ ತೋರಿಸಬೇಡಿರಿ. ಅವರು ಓದಿದರೂ ಓದಿಲ್ಲವೆನ್ನಲಿ, ನಾನು ಬರೆದರೂ ಬರೆದಿಲ್ಲವೆನ್ನುತ್ತೇನೆ. ಕೊನೆಯ ಸಾಲು ನಾರಾಯಣಮ್ಮ ಹೇಳಿ ಬರೆಸಿದ್ದು: “ಬಾಗ್ಲು ಸರಿಹೋಯ್ತು ಅಂತ ಯಾರೂ ನಂಗೆ ಹೇಳ್ಬೇಡಿ. ನಾನ್ ಒಳಗ್ ಕೂತು ಬಾಗ್ಲು ಹಾಕ್ಕೊತೀನಿ, ನೀವೆಲ್ಲಾ ಹೋಗಿ ಎಲೆ ಮುಂದೆ ಕೂತ್ಕೊಳಿ. ನಾನೇ ಇಳ್ದು ಬತ್ತೀನಿ. ನಾನ್ ಬರೋಗಂಟ ಯಾರೂ ತುತ್ತು ಎತ್ಬೇಡಿ.”