ನೌಕಾಪಡೆಗೆ ನನ್ನ ಐದು ಸಾಲು

ಮಾತು ಕಮ್ಮಿ ಆಡುವವರಿಗೆ ಫಜೀತಿಯೂ ಕಮ್ಮಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನಾನು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿರುತ್ತೇನೆ, ಫಜೀತಿಯೇ ವಿಳಾಸ ಕೇಳಿಕೊಂಡು ನನ್ನ ಹತ್ತಿರ ಬರುತ್ತದೆ. ಗೋರೆಗಾಂವ್‌ನ ನಮ್ಮ ಕನ್ನಡ ಸಂಘದ ಯುವ ಬಳಗಕ್ಕೆ ಸೇರಿದ ಮೇಲಂತೂ ಅದಕ್ಕೆ ವಿಳಾಸ ಕೇಳುವ ಕಷ್ಟವೂ ತಪ್ಪಿದೆ. ಕಳೆದ ಗಣಪತಿ ಹಬ್ಬ ಮುಗಿದ ಮೇಲೆ ನಾವೆಲ್ಲ ಯುದ್ಧದ ಹಡಗು ನೋಡಲು ಹೋಗಿದ್ದೆವು. ಆ ಒಂದು ಕಾರ್ಯಕ್ರಮದ ಹಿಂದೆ ಮುಂದೆ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ನಾಳೆ ಎಷ್ಟು ಗಂಟೆಗೆ

ವಿಸರ್ಜನೆಯ ಮರುದಿನ ಬೆಳಿಗ್ಗೆ ನಮ್ಮ ಬಳಗ ಪ್ರತಿ ವರ್ಷ ಜುಹು ಬೀಚ್ ಗುಡಿಸುತ್ತದೆ. ಗ್ಲೌಸ್ ಎಲ್ಲರಿಗೂ; ಉಳಿದವರಿಗೆ ಪೊರಕೆ, ಬುಟ್ಟಿ. ನನಗೆ ಮಾತ್ರ ಮಾತಿನ ಕೆಲಸ ಬಿತ್ತು. ಪೂಜೆಯ ಹೂವು, ಹಾರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಸಮುದ್ರಕ್ಕೆ ಎಸೆಯಲು ಬರುವವರನ್ನು ತಡೆದು, ನೀರಿಗೆ ಹಾಕಬೇಡಿ, ಮನೆಯ ಕುಂಡದಲ್ಲಿ ಗೊಬ್ಬರ ಮಾಡಿ ಎಂದು ತಿಳಿಹೇಳಬೇಕು. ಹಿಂದಿಯಲ್ಲಿ ಒಂದು ವಾಕ್ಯವನ್ನು ಚೆನ್ನಾಗಿ ಜೋಡಿಸಿಕೊಂಡು ನಿಂತೆ.

ಮೊದಲು ಬಂದದ್ದು ಒಬ್ಬರು ವಯಸ್ಸಾದ ಹೆಂಗಸು. ಕೈಯಲ್ಲಿ ದೊಡ್ಡ ಚೀಲ. ನಾನು ಅಡ್ಡ ಹೋಗಿ ನಿಂತೆ, ಬಾಯಿ ತೆರೆದೆ. ವಾಕ್ಯ ಹೊರಗೆ ಬರಲಿಲ್ಲ. ಅವರು ನನ್ನ ಗ್ಲೌಸ್ ನೋಡಿದರು, ನನ್ನ ಮುಖ ನೋಡಿದರು, ಚೀಲವನ್ನು ನನ್ನ ಕೈಗೇ ನೇತುಹಾಕಿದರು. "ಅಚ್ಛಾ ಹುವಾ ಬೇಟಾ, ಅಬ್ ಘರ್ ಸೇ ಇತ್ನಾ ದೂರ್ ಲಾನಾ ನಹೀ ಪಡೇಗಾ," ಇನ್ನು ಇಷ್ಟು ದೂರ ತರುವುದು ತಪ್ಪಿತು ಎಂದು ಹೇಳಿ, ಹೊರಟವರು ತಿರುಗಿ ನಿಂತು ಕಸ ಒಯ್ಯುವವಳನ್ನು ಕೇಳುವ ಹಾಗೆ ಕೇಳಿದರು: "ಬಿಲ್ಡಿಂಗ್ ಮೇ ಕಲ್ ಕಿತ್ನೇ ಬಜೇ ಆವೋಗೀ?"

ಆಗ ನನ್ನ ಬಾಯಿಂದ ಕೊನೆಗೂ ಮಾತು ಹೊರಟಿತು. "ಸಾತ್ ಬಜೇ," ಅಂದೆ.

೨. ಮಾಮನ ಷರತ್ತು

ಇದನ್ನು ದೂರದಿಂದ ಮಾಮ ನೋಡಿದ್ದರು. ಮಾಮ ಅಂದರೆ ನಮ್ಮ ಸಂಘದ ಕಾರ್ಯದರ್ಶಿ. ವಿಲೆ ಪಾರ್ಲೆಯಲ್ಲಿ ಅವರದ್ದೊಂದು ಉಡುಪಿ ಹೋಟೆಲ್. ಕೌಂಟರಿನಲ್ಲಿ ಕೂತು ಅಡುಗೆಮನೆಗೆ ಕೇಳುವ ಹಾಗೆ ಕೂಗಿ ಕೂಗಿ ಅವರ ಗಂಟಲಿಗೆ ಮೈಕಿನ ಅಗತ್ಯವೇ ಇಲ್ಲ. ಆದರೂ ಅವರು ಮೈಕ್ ಬಿಡುವುದಿಲ್ಲ.

ಬರುವ ವರ್ಷ ಬೀಚ್ ಕೆಲಸದ ಮುಂದಾಳತ್ವ ನನಗೆ ಕೊಡಿ ಎಂದು ನಾನು ಹೆಸರು ಕೊಟ್ಟಿದ್ದೆ. ಪ್ಲಾಸ್ಟಿಕ್ ಎಲ್ಲಿ ಜಾಸ್ತಿ ಸೇರುತ್ತದೆ, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಮೂರು ವರ್ಷ ಸುಮ್ಮನೆ ನಿಂತು ನೋಡಿದ್ದು ನಾನೊಬ್ಬಳೇ. ಮಾಮ ಒಪ್ಪಲಿಲ್ಲ. "ಮುಂದಾಳು ಅಂದ್ರೆ ಪೊಲೀಸಿನವರ ಹತ್ರ, ಮುನಿಸಿಪಾಲಿಟಿಯವರ ಹತ್ರ ಮಾತಾಡ್ಬೇಕು ಮಗಾ. ನೀನು ಒಂದು ಅಜ್ಜಿಯ ಹತ್ರ ಸೋತೆ. ಮೈಕ್ ಹಿಡೀಲಿಕ್ಕೆ ಬಾರದವರಿಗೆ ಪೊರಕೆಯೇ ಒಳ್ಳೆಯದು."

ಅವರು ಹೀಗೆ ಬೀಚಿನಲ್ಲಿ ನಿಂತು ಕನ್ನಡದಲ್ಲಿ ನನ್ನನ್ನು ಬೈಯುವುದು ಅಲ್ಲಿ ವಾಕಿಂಗ್ ಬಂದಿದ್ದ ಒಬ್ಬರ ಕಿವಿಗೆ ಬಿತ್ತು. ಅವರು ನೌಕಾಪಡೆಯ ಅಧಿಕಾರಿ, ಧಾರವಾಡದ ಕಡೆಯವರು. ಬಹಳ ದಿನದ ಮೇಲೆ ಕನ್ನಡದ ಬೈಗುಳ ಕೇಳಿ ಸಂತೋಷವಾಯಿತು ಎಂದು ಹತ್ತಿರ ಬಂದು ಮಾತಾಡಿಸಿದರು. ನಮ್ಮ ಕೆಲಸ ನೋಡಿ, ಒಂದು ದಿನ ನಿಮ್ಮ ಬಳಗವನ್ನು ಹಡಗು ನೋಡಲು ಕರೆತನ್ನಿ, ಅನುಮತಿ ಮಾಡಿಸುತ್ತೇನೆ ಅಂದರು.

"ಅಲ್ಲಿ ಧನ್ಯವಾದ ಕನ್ನಡದಲ್ಲೇ ಹೇಳ್ಬೇಕು," ಎಂದರು ಮಾಮ.

"ನಾನು ಹೇಳ್ತೇನೆ," ಅಂದೆ.

ಎಲ್ಲರೂ ತಿರುಗಿ ನೋಡಿದರು. "ಇಂಗ್ಲಿಷಿನಲ್ಲಾ?"

"ಕನ್ನಡದಲ್ಲಿ."

ಮಾಮ ಐದು ಬೆರಳು ಎತ್ತಿದರು. "ಆಯ್ತು. ಐದೇ ಸಾಲು. ಪೂರ್ತಿ ಹೇಳಿ ಮುಗಿಸಿದರೆ ಬರುವ ವರ್ಷ ಬೀಚ್ ನಿನ್ನದು. ಅರ್ಧಕ್ಕೆ ನಿಂತರೆ ಮೈಕ್ ನನ್ನದು."

ಬಳಗದವರೆಲ್ಲ ನನ್ನನ್ನು ಕೈಮುಗಿಯುವ ಹಾಗೆ ನೋಡಿದರು. ಯಾಕೆಂದರೆ ಕಳೆದ ರಾಜ್ಯೋತ್ಸವದಲ್ಲಿ ಮಾಮ ಧನ್ಯವಾದ ಶುರುಮಾಡಿದ ಮೇಲೆ ಮುಖ್ಯ ಅತಿಥಿಯೇ ನಡುವೆ ಎದ್ದು ಮಾಮನಿಗೆ ಧನ್ಯವಾದ ಹೇಳಿ ಮನೆಗೆ ಹೋಗಿದ್ದರು.

೩. ಲೋಕಲ್‌ನಲ್ಲಿ ಸ್ತೋತ್ರ

ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡವೇನೋ ಉಂಟು, ಆದರೆ ಅದು 'ಊಟ ಆಯ್ತಾ', 'ಫ್ಯಾನ್ ಆಫ್ ಮಾಡು' ಇಷ್ಟಕ್ಕೆ ಸಾಕು, ನೌಕಾಪಡೆಗೆ ಸಾಲದು. ಅಕ್ಷರ ಕಲಿತದ್ದು ಸಂಘದ ಭಾನುವಾರದ ಕ್ಲಾಸಿನಲ್ಲಿ. ಹಾಗಾಗಿ ಬರೆಯುವಾಗ ಕನ್ನಡ ಸರಾಗ, ಬಾಯಿಗೆ ಬರುವಾಗ ಸಿಗ್ನಲ್ ಸಿಗದ ಗಾಡಿ.

ಐದು ಸಾಲು ಬರೆದು, ಗೋರೆಗಾಂವ್‌ನಿಂದ ದಾದರ್‌ಗೆ ಆಫೀಸಿಗೆ ಹೋಗುವಾಗ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಉರುಹೊಡೆಯತೊಡಗಿದೆ. ಮೇಲಿನ ಹಿಡಿ ಹಿಡಿದುಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲೇ ಗುಣುಗುಣು. ಒಂದು ದಿನ ಯಾರೋ ನನ್ನ ದುಪಟ್ಟಾ ಎಳೆದರು. ಕಿಟಕಿಯ ಸಾಲಿನಲ್ಲಿ ಕೂತಿದ್ದ ಒಬ್ಬ ಆಂಟಿ ಪಕ್ಕದವರನ್ನೆಲ್ಲ ಒತ್ತಿ ನನಗೆ ಜಾಗ ಮಾಡಿದ್ದರು. "ಬೈಠೋ ಬೇಟಾ. ಪಾಠ್ ಖಡೇ ಖಡೇ ನಹೀ ಕರ್ತೇ."

ನಾನು ನಿಂತುಕೊಂಡೇ ದೇವರ ಸ್ತೋತ್ರ ಹೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಅಲ್ಲ ಎನ್ನಬೇಕಿತ್ತು. ಅನ್ನಲು ಬಾಯಿ ಬೇಕಲ್ಲ, ಕೂತುಬಿಟ್ಟೆ.

"ಸೌಥ್ ಕಾ ಸ್ತೋತ್ರ ಹೈ?" ಎಂದು ಕೇಳಿದರು. ಸೌಥ್‌ನದ್ದು ಎನ್ನುವುದಂತೂ ನಿಜ. ತಲೆಯಾಡಿಸಿದೆ.

"ಆಜ್ ಮೇರೇ ಬೇಟೇ ಕಾ ಇಂಟರ್ವ್ಯೂ ಹೈ. ಉಸ್ಕೇ ಲಿಯೇ ಭೀ ದೋ ಲೈನ್ ಬೋಲ್ ದೋ," ಎಂದು ಮಗನಿಗಾಗಿ ಎರಡು ಸಾಲು ಕೇಳಿ, ಕೈಮುಗಿದು ಕಣ್ಣು ಮುಚ್ಚಿಯೇಬಿಟ್ಟರು. ಎದುರಿನ ಸೀಟಿನವರೂ ಫೋನ್ ಕೆಳಗಿಟ್ಟರು. ನಾನು ಮೆಲ್ಲಗೆ ಹೇಳಿದೆ: "ಮಾನ್ಯ ಅಧಿಕಾರಿಗಳೇ, ನಿಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟಿದ್ದಕ್ಕೆ ನಾವು ಚಿರಋಣಿಗಳು."

ಆಂಟಿ ಎರಡೂ ಕಣ್ಣಿಗೆ ಕೈ ಒತ್ತಿಕೊಂಡರು.

ಮುಂದಿನ ವಾರ ಮತ್ತೆ ಸಿಕ್ಕರು. ಮಗನಿಗೆ ಕೆಲಸ ಸಿಕ್ಕಿತ್ತು. ಈಗ ಅವರ ಗೆಳತಿಯ ಮಗಳಿಗೆ ಗಂಡು ಸಿಗಬೇಕಂತೆ, ಅದಕ್ಕೆ ಐದೂ ಸಾಲು ಹೇಳಬೇಕಂತೆ.

೪. ಹೊಟ್ಟೆಗೆ ಚೆಕಿಂಗ್ ಇಲ್ಲ

ಹಡಗು ನೋಡುವ ದಿನ ನಾವು ಬಸ್ಸಿನಲ್ಲಿ ಫೋರ್ಟ್ ಕಡೆಯ ನೌಕಾನೆಲೆಗೆ ಹೊರಟೆವು. ಮಾಮನ ಕಾಲ ಬುಡದಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ. ತುಂಬಾ ಗೋಳಿಬಜೆ, ಬೇರೆ ಪಾತ್ರೆಯಲ್ಲಿ ಚಟ್ನಿ. ಹೋಟೆಲಿನವರು ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆ ಎಂಬುದು ಅವರ ವಾದ. ಅದು ಮನೆಯಲ್ಲ, ಯುದ್ಧದ ಹಡಗು ಎಂದು ಹೇಳಿದವರಿಗೆ, "ಯುದ್ಧ ಮಾಡುವವರಿಗೆ ಹಸಿವಾಗುದಿಲ್ವಾ?" ಎಂದು ಕೇಳಿದರು.

ಗೇಟಿನಲ್ಲಿ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡರು. ಆಮೇಲೆ ಕಾವಲಿನವನ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಖಾನಾ ಅಂದರ್ ಅಲೌಡ್ ನಹೀ."

"ಸಾಬ್, ಯೇ ಖಾನಾ ನಹೀ ಹೈ. ನಾಸ್ತಾ ಹೈ."

"ನಾಸ್ತಾ ಭೀ ನಹೀ."

ಬಸ್ಸಿನಲ್ಲಿ ಬಿಡಿ ಎಂದರೆ ಮಾಮ ಕೇಳಲಿಲ್ಲ, ತಣ್ಣಗಾದ ಗೋಳಿಬಜೆ ಅವರ ಹೋಟೆಲಿನ ಮರ್ಯಾದೆಯ ಪ್ರಶ್ನೆ. ಸ್ವಲ್ಪ ಹೊತ್ತು ಡಬ್ಬಿಯನ್ನೂ ಕಾವಲಿನವನನ್ನೂ ನೋಡಿ, ಬಹಳ ಗೌರವದಿಂದ ಕೇಳಿದರು: "ಸಾಬ್, ಪೇಟ್ ಮೇ ಡಾಲ್ ಕೇ ಲೇ ಜಾ ಸಕ್ತಾ ಹೈ?"

ಹೊಟ್ಟೆಯಲ್ಲಿ ಹಾಕಿಕೊಂಡು ಹೋಗಬಹುದೇ. ಕಾವಲಿನವನು ಗೋಡೆಯ ಮೇಲಿದ್ದ ನಿಯಮಗಳ ಬೋರ್ಡನ್ನು ಮೇಲಿಂದ ಕೆಳಗೆ ಓದಿದ. ನಗದೆ ಹೇಳಿದ: "ಪೇಟ್ ಕೀ ಚೆಕಿಂಗ್ ನಹೀ ಹೈ."

ದೇಶದ ಭದ್ರತೆಗೆ ಭಂಗ ಬಾರದ ಹಾಗೆ ನಾವೆಲ್ಲ ಗೋಡೆಯ ಬದಿಗೆ ಸಾಲಾಗಿ ನಿಂತು ಇಡೀ ಡಬ್ಬಿಯನ್ನು ಕಾನೂನು ಪ್ರಕಾರ ಒಳಗೆ ಸಾಗಿಸಿದೆವು.

೫. ಎಷ್ಟು ಟನ್

ನಮ್ಮ ಬಳಗದಲ್ಲಿ ಒಬ್ಬ ಎಸಿ ಮೆಕ್ಯಾನಿಕ್ ಇದ್ದಾನೆ. ಮೂಲ ವಿಜಯಪುರ, ಮನೆಯಲ್ಲಿ ದಖನಿ ಉರ್ದು, ಆದರೆ ಅವನ ಕನ್ನಡ ನಮ್ಮೆಲ್ಲರದಕ್ಕಿಂತ ಗಟ್ಟಿ. ಹಡಗಿನೊಳಗೆ ಕಡಿದಾದ ಏಣಿಗಳು. ಗೋಳಿಬಜೆ ತಿಂದವರು ಉಸ್ಸಪ್ಪಾ ಎಂದು ಇಳಿಯುತ್ತಿದ್ದರೆ, ಇವನು ಮಾತ್ರ ತಲೆ ಮೇಲೆತ್ತಿ ಚಾವಣಿಯ ಪೈಪುಗಳನ್ನೇ ನೋಡುತ್ತಾ ನಡೆದ. ಬೀಚಿನಲ್ಲಿ ಸಿಕ್ಕ ಅದೇ ಅಧಿಕಾರಿ ಫಿರಂಗಿ ತೋರಿಸಿದರೆ ಇವನು ಪೈಪು ನೋಡಿದ. ರಾಡಾರ್ ತೋರಿಸಿದರೆ ಗಾಳಿ ಬರುವ ಜಾಲರಿಗೆ ಕೈಯೊಡ್ಡಿದ.

ಕೊನೆಗೆ ಒಂದು ತಣ್ಣನೆಯ ಕೋಣೆಯಲ್ಲಿ ತಡೆಯಲಾರದೆ ಕೇಳಿದ: "ಸರ್, ಇದು ಎಷ್ಟು ಟನ್ನಿಂದ್ರಿ?"

ಇಷ್ಟು ಹೊತ್ತಿಗೆ ಒಬ್ಬನಾದರೂ ಒಳ್ಳೆಯ ಪ್ರಶ್ನೆ ಕೇಳಿದನಲ್ಲ ಎಂದು ಅಧಿಕಾರಿಯ ಮುಖ ಅರಳಿತು. ಗೋಡೆಯನ್ನು ಪ್ರೀತಿಯಿಂದ ತಟ್ಟಿದರು. "ಸುಮಾರು ಏಳು ಸಾವಿರ ಟನ್."

ಮೆಕ್ಯಾನಿಕ್ ಏಣಿಯ ಕಂಬಿ ಹಿಡಿದುಕೊಂಡ. "ನಮ್ಮ ಅಂಗಡ್ಯಾಗ ಎರಡು ಟನ್ನಿಂದೇ ದೊಡ್ಡದ್ರಿ ಸರ್."

"ಎರಡು ಟನ್ನಿನ ಹಡಗ?" ಈಗ ಅಧಿಕಾರಿ ಗೊಂದಲಕ್ಕೆ ಬಿದ್ದರು. "ನೀವು ಯಾತರ ಮಾತು ಆಡಾಕತ್ತೀರಿ?"

"ಎಸಿದ್ರಿ."

"ನಾ ಹೇಳಿದ್ದು ಇಡೀ ಹಡಗಿನ ತೂಕ."

ಮೆಕ್ಯಾನಿಕ್‌ಗೆ ಹೋದ ಜೀವ ಬಂದ ಹಾಗಾಯಿತು. "ಹಂಗಾರ ಚಿಂತಿಲ್ಲ ಬಿಡ್ರಿ. ಏಳು ಸಾವಿರ ಟನ್ನಿನ ಎಸಿ ಚಾಲೂ ಮಾಡಿದ್ರ ಅರಬ್ಬಿ ಸಮುದ್ರನ ಬರ್ಫ ಆಗತದಲ್ಲಾ ಅಂತ ಅಂಜಿದ್ದೆ."

೬. ಮೈಕ್

ಕೊನೆಗೆ ಹೆಲಿಕಾಪ್ಟರ್ ಇಳಿಯುವ ಹಿಂಭಾಗದ ಡೆಕ್ಕಿನಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಗಾಳಿ ಜೋರಾಗಿದ್ದುದರಿಂದ ನನ್ನ ಕೈಗೆ ಮೈಕ್ ಕೊಟ್ಟರು. ಎದುರಿಗೆ ಬಿಳಿ ಸಮವಸ್ತ್ರದ ಅಧಿಕಾರಿ, ಅವರ ಪಕ್ಕ ಕನ್ನಡ ಬಾರದ ಒಂದಷ್ಟು ನಾವಿಕರು. ನನ್ನ ಬೆನ್ನ ಹಿಂದೆ ಮಾಮ. ಅವರು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು.

ಮೊದಲ ಸಾಲು ಎಲ್ಲಿಯೂ ತಡೆಯದೆ ಹೊರಟಿತು. ನನಗೇ ಆಶ್ಚರ್ಯ. ಆ ಧೈರ್ಯದಲ್ಲಿ ಎರಡನೆಯದಕ್ಕೆ ಸ್ವಲ್ಪ ಜೋರು ಮಾಡಿದೆ.

"ಗೇಟ್‌ವೇ ಹತ್ತಿರ ನಿಂತು ನಾವು ದೂರದಿಂದ ಎಷ್ಟೋ ಹುಡುಗರನ್ನು ನೋಡಿದ್ದೇವೆ."

ಡೆಕ್ಕಿನ ಮೇಲೆ ಗಾಳಿಯ ಸದ್ದು ಮಾತ್ರ. ಜನ ಇಷ್ಟು ಗಮನವಿಟ್ಟು ನನ್ನನ್ನು ಎಂದೂ ಕೇಳಿರಲಿಲ್ಲ. ಇನ್ನೂ ಹುರುಪಿನಿಂದ ಮೂರನೆಯ ಸಾಲು ಹೇಳಿದೆ.

"ಆದರೆ ಇಷ್ಟು ದೊಡ್ಡ ಹುಡುಗನ್ನು ಇಷ್ಟು ಹತ್ತಿರದಿಂದ ನೋಡಿದ್ದು ನನ್ನ ಜೀವನದಲ್ಲಿ ಇದೇ ಮೊದಲು."

ಕನ್ನಡ ಬಾರದ ನಾವಿಕರು ಚಪ್ಪಾಳೆ ತಟ್ಟಿದರು. ಕನ್ನಡ ಬಂದವರೆಲ್ಲ ಡೆಕ್ಕಿನ ನೆಲ ನೋಡುತ್ತಿದ್ದರು. ಅವರ ಭುಜ ಮಾತ್ರ ಕುಣಿಯುತ್ತಿತ್ತು. ಎಸಿ ಮೆಕ್ಯಾನಿಕ್ ಪಕ್ಕದಿಂದ ಪಿಸುಗುಟ್ಟಿದ: "ಅಕ್ಕಾ, ಹುಡುಗ ಅಲ್ರೀ. ಹಡಗ."

ಉಳಿದದ್ದನ್ನು ಇಂಗ್ಲಿಷಿನಲ್ಲಿ ಮುಗಿಸಿಬಿಡಬಹುದಿತ್ತು, ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಮಾಮನ ಕೈ ಬಂದು ಮೈಕನ್ನು ಹಿಡಿಯಿತು. "ಸಾಕು ಮಗಾ, ಕೊಡು. ನಾನು ಮುಗಿಸ್ತೇನೆ."

ನಾನು ಬಿಡಲಿಲ್ಲ. ಅವರು ಎಳೆದರು, ನಾನೂ ಎಳೆದೆ. "ಇಲ್ಲ ಮಾಮ, ನನ್ನದು ಇನ್ನೂ ಎರಡು ಸಾಲು ಉಂಟು," ಅಂದೆ. ಮೈಕ್ ಬಾಯಿಯ ಹತ್ತಿರವೇ ಇದ್ದುದರಿಂದ ಅದು ಇಡೀ ಹಡಗಿಗೆ ಕೇಳಿಸಿತು.

ಮಾಮನ ಕೈ ಸಡಿಲವಾಯಿತು.

"ಕ್ಷಮಿಸಿ," ಅಂದೆ. "ಹುಡುಗ ಅಲ್ಲ, ಹಡಗು." ಆಮೇಲೆ ನಾಲ್ಕನೆಯ ಸಾಲು ಹೇಳಿದೆ. ಐದನೆಯದನ್ನೂ ಹೇಳಿದೆ. ಒಂದು ಅಕ್ಷರವೂ ಬಿಡಲಿಲ್ಲ.

ಅಧಿಕಾರಿ ಮೈಕ್ ತೆಗೆದುಕೊಂಡು ಗಂಭೀರವಾಗಿ ಹೇಳಿದರು: "ಇಷ್ಟು ವರ್ಷ ನೌಕಾಪಡೆಯವರು ನಾವು ಹಡಗಿಗೆ 'ಶೀ' ಅಂತೀವಿ, ಹೆಣ್ಣು ಅಂತ ತಿಳಕೊಂಡೀವಿ. ಇದು ಹುಡುಗ ಅನ್ನೋದು ಇವತ್ತ ಗೊತ್ತಾತು. ಮ್ಯಾಲಿನವರಿಗೆ ತಿಳಸ್ತೀವಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಮ ಅಂಧೇರಿ ದಾಟಿದ ಮೇಲೆ ಹೇಳಿದರು: "ಬರುವ ವರ್ಷ ಬೀಚ್ ನಿನ್ನದೇ. ನನಗೇ ಮೈಕ್ ಕೊಡದವಳು ಸಮುದ್ರಕ್ಕೆ ಪ್ಲಾಸ್ಟಿಕ್ ಬಿಡ್ಲಿಕ್ಕಿಲ್ಲ." ಹೇಳಿ, ಫೋನ್ ತೆಗೆದು ಮಾಮಿಗೆ ಇಡೀ ಕಥೆ ಒಪ್ಪಿಸಿದರು. ಮಾಮಿ ಯಾರಿಗೋ ಹೇಳಿದರು, ಅವರು ನಮ್ಮ ಬಿಲ್ಡಿಂಗ್‌ನವರಿಗೆ ಹೇಳಿದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಸ್ವಲ್ಪ ಬದಲಾಗಿ.

ಬಾಗಿಲಲ್ಲೇ ಅಮ್ಮ ನಿಂತಿದ್ದಳು. "ನೌಕಾಪಡೆಯಲ್ಲಿ ಯಾವುದೋ ಹುಡುಗನ್ನ ನೋಡಿದೆಯಂತೆ. ಊರಿಗೆಲ್ಲ ಮೈಕಿನಲ್ಲಿ ಹೇಳುವ ಮೊದಲು ಮನೆಯಲ್ಲಿ ಒಂದು ಮಾತು ಹೇಳ್ಲಿಕ್ಕಾಗುದಿಲ್ವಾ? ಎಲ್ಲಿ ಇರುದು?"

ದಿನವಿಡೀ ಮಾತಾಡಿ ನನ್ನ ನಾಲಿಗೆ ಚುರುಕಾಗಿತ್ತು. "ಇಲ್ಲೇ ಮುಂಬೈಯಲ್ಲಿ. ಆಗಾಗ ಸಮುದ್ರಕ್ಕೆ ಹೋಗುದುಂಟು," ಅಂದೆ.

"ಒಂದು ಭಾನುವಾರ ಊಟಕ್ಕೆ ಕರಿ. ನಾವೂ ನೋಡ್ತೇವೆ."

"ಕರೀಬಹುದು ಅಮ್ಮ. ಆದರೆ ನಮ್ಮ ಬಿಲ್ಡಿಂಗ್ ಗೇಟಿನಲ್ಲಿ ಹಿಡಿಸುದಿಲ್ಲ."

ಅಮ್ಮ ಒಂದು ಕ್ಷಣ ಯೋಚಿಸಿದಳು. "ಅಷ್ಟು ದಪ್ಪವಾ," ಅಂದಳು. "ಅಡ್ಡಿಲ್ಲ, ಸರಕಾರಿ ಕೆಲಸ ಅಲ್ವಾ."