ವಸಡಿನಿಂದ ಹೊರಟ ಕೆಟ್ಟ ರಕ್ತ

ನಮ್ಮತ್ತೆಯ ಎದುರು ಯಾರೂ ಬಾಯಿ ಬಿಟ್ಟು ನಗುತ್ತಿರಲಿಲ್ಲ. ಸಿಡುಕಿ ಎಂದುಕೊಂಡಿರಾ? ಅಯ್ಯೋ, ಇಲ್ಲ! ಬಾಯಿ ತೆರೆದರೆ ಸಾಕು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ವಸಡು ನೋಡಿಬಿಡುತ್ತಿದ್ದರು!

ಭತ್ತದ ಹೊಟ್ಟು ಸುಟ್ಟ ಕರಿಪುಡಿ ಉಮಿಕ್ಕರಿಗೆ ಉಪ್ಪು, ಕಾಳುಮೆಣಸು ಬೆರೆಸಿ, ವಸಡಿನಿಂದ ರಕ್ತ ಬರುವವರೆಗೆ ಹಲ್ಲುಜ್ಜಬೇಕು ಎನ್ನುವುದು ಅವರ ಶಾಸ್ತ್ರ. "ಕೆಟ್ಟ ರಕ್ತ ಹೊಂಟೋಯ್ತದೆ ಕಣವ್ವ, ಎದೆ ಹಗುರಾಯ್ತದೆ!" ಬೆಳಿಗ್ಗೆ ಅಂಗಳದಲ್ಲಿ ಕೆಂಪಗೆ ಉಗುಳಿ ಸೂರ್ಯನಿಗೆ ಕೈಮುಗಿಯುತ್ತಿದ್ದರು. ಒಳಗಿನಿಂದ ನಾನೂ ಕೈಮುಗಿಯುತ್ತಿದ್ದೆ. ಪಕ್ಕದ ಮನೆಯವರು ಇನ್ನೂ ಎದ್ದಿಲ್ಲವಲ್ಲ, ಅಷ್ಟು ಕೃಪೆ ಸಾಕು ದೇವರೇ!

ಒಮ್ಮೆ ನಮ್ಮ ವಯನಾಡಿನ ಪುಲ್ಪಳ್ಳಿ ಬಸ್ಸಿನಲ್ಲಿ ಮಲಯಾಳಿ ಕಂಡಕ್ಟರ್ ಆಕಳಿಸಿದ. "ಟಿಕೆಟ್ ಆಮ್ಯಾಕೆ ಕೊಡು ಮಗ, ಇನ್ನೊಂದ್ಸಲ ಆಕಳಿಸು" ಎಂದರು ಅತ್ತೆ.

"ಅಮ್ಮಚ್ಚೀ, ಇದು ಬಸ್ಸು, ಹಲ್ಲಾಸ್ಪತ್ರೆ ಅಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಾಚಿಕೆಯಿಂದ ಕಿಟಕಿಯಾಚೆಯ ಮೆಣಸಿನ ಬಳ್ಳಿ ನೋಡುತ್ತ ಕೂತೆ. ಅತ್ತೆ? ನಕ್ಕವರ ವಸಡು ನೋಡುತ್ತಿದ್ದರು!

ನಾದಿನಿಯನ್ನು ನೋಡಲು ಕಲ್ಲೂರಿನಿಂದ ಗಂಡಿನವರು ಬಂದಾಗಲೂ ಅಷ್ಟೇ. ಗಂಡಿನ ತಂದೆ ಉಪ್ಪಿಟ್ಟು ತಿನ್ನಲು ಬಾಯಿ ತೆರೆದರು, ಅಷ್ಟೇ ತಪ್ಪು! "ವಸಡು ಊದದೆ ಬೀಗ್ರೇ. ಮದುವೆ ಮಾತು ಆಮ್ಯಾಕೆ ಆಡವ" ಎಂದು ಕರಿಪುಡಿಯ ಪೊಟ್ಟಣ ಕೈಗಿತ್ತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೆ ಅದರ ವಸಡನ್ನೂ ನೋಡುತ್ತಿದ್ದರೇನೋ! ಆದರೂ ಸಂಬಂಧ ಕುದುರಿತು. ಅದೂ ದೇವರ ದಯೆ.

ಆಮೇಲೆ ಅತ್ತೆಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಶುರುವಾಯಿತು. ವಯನಾಡು ಆಗಿನ್ನೂ ಹೊಸ ಜಿಲ್ಲೆ, ದೊಡ್ಡ ಕಾಯಿಲೆಗೆಲ್ಲ ಘಾಟಿ ಇಳಿದು ಕಲ್ಲಿಕೋಟೆಗೇ ಹೋಗಬೇಕು. ಅಲ್ಲಿನ ಹೃದಯದ ಡಾಕ್ಟರು, ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದರು. "ಆದರೆ ಮೊದಲು ವಸಡು ವಾಸಿಯಾಗಲಿ. ಅಲ್ಲಿನ ಕ್ರಿಮಿ ರಕ್ತಕ್ಕೆ ಸೇರಿ, ಕೆಟ್ಟ ಕವಾಟದಲ್ಲಿ ಮನೆಮಾಡಿದರೆ ಜೀವಕ್ಕೇ ಅಪಾಯ."

ಕೆಟ್ಟದ್ದು ಹೊರಗೆ ಹೋಗಲೆಂದು ಅತ್ತೆ ತೆರೆದಿಟ್ಟ ಬಾಗಿಲಿನಿಂದಲೇ ಅದು ಒಳಗೆ ಬರುತ್ತಿತ್ತಂತೆ!

ಬತ್ತೇರಿಯ ಹಲ್ಲಿನ ಡಾಕ್ಟರಮ್ಮ "ಅಮ್ಮಚ್ಚೀ, ಬಾಯಿ ತೆರೀರಿ" ಎಂದರೆ ಅತ್ತೆ ತುಟಿ ಬಿಗಿದರು. ಗದರಿದರೂ ಇಲ್ಲ, ಗೋಗರೆದರೂ ಇಲ್ಲ. ಹೊರಗೆ ಕಾಯುತ್ತಿದ್ದವರೆಲ್ಲ ಇಣುಕಿದರು. ಈ ಬಾಯಿ ತೆರೆಯದೆ ಆ ಎದೆಗೆ ಔಷಧವಿಲ್ಲ. ನನಗೆ ರೇಗಿಹೋಯಿತು.

"ಊರೋರ ಬಾಯೆಲ್ಲ ನೋಡಿದ್ರಲ್ಲತ್ತೆ, ಈಗೇನು ಬಂತು ನಿಮಗೆ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದರು: "ನೀನು ಆಚೆ ಹೋಗವ್ವ. ಹಲ್ಲೆಲ್ಲ ಅಲ್ಲಾಡ್ತವೆ, ನಾತ ಹೊಡೀತದೆ. ನಿನ್ನ ಮುಂದೆ ನಾಚ್ಕೆ ಆಯ್ತದೆ ಕಣವ್ವ."

ನಾಚಿಕೆಯೆಲ್ಲ ನನ್ನೊಬ್ಬಳ ಪಾಲಿನದೆಂದು ನಾನು ತಿಳಿದಿದ್ದೆ! ತಲೆ ಎತ್ತಲಾಗಲಿಲ್ಲ. ನಾನು ಆಚೆ ಹೋಗಲಿಲ್ಲ. ಅತ್ತೆಯನ್ನು ಎಬ್ಬಿಸಿ, ನಾನೇ ಆ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ. ಎಡದವಡೆಯ ಎರಡು ಹುಳುಕು ಹಲ್ಲನ್ನು ಗಂಡನಿಗೂ ತೋರಿಸಿದವಳಲ್ಲ ನಾನು.

ಅತ್ತೆ ಬಗ್ಗಿ ನೋಡಿದರು. "ಅಯ್ಯೋ ಮಗಾ! ಇಷ್ಟು ನೋವು ಇಟ್ಕಂಡು ನಮಗೆಲ್ಲ ಬೇಯ್ಸಿ ಹಾಕ್ತಿದ್ಯಾ?"

ಸೆರಗು ಜಾರಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಅವರ ಉಸಿರು ನನ್ನ ಮುಖಕ್ಕೇ ಬಡಿಯಿತು. ನಾನು ಕದಲಲಿಲ್ಲ.

ಆಮೇಲೆ ಅವರು ಕುರ್ಚಿಯಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದರು.